ನಗುಮುಖವೂ ಸಾಲದು, ಅನುಭವವೂ ಸಾಲದು: ಗ್ರಾಹಕ ಸೇವೆ ಮತ್ತು ಮೇಲ್ವಿಚಾರಣೆಯನ್ನು ಕಲಿಯುವುದು ಹೇಗೆ?

1878ರಲ್ಲಿ ಅಮೆರಿಕದ ಬಾಸ್ಟನ್ ನಗರದ ದೂರವಾಣಿ ಕಂಪನಿಗೆ ಒಂದು ತಲೆನೋವು ಶುರುವಾಗಿತ್ತು. ಆಗ ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಜೋಡಿಸಲು ವಿನಿಮಯ ಕೇಂದ್ರದಲ್ಲಿ ಮನುಷ್ಯರೇ ಕೂರಬೇಕಿತ್ತು. ಆ ಕೆಲಸಕ್ಕೆ ಹದಿಹರೆಯದ ಹುಡುಗರನ್ನು ತೆಗೆದುಕೊಂಡಿದ್ದರು. ತಂತಿ ಕಚೇರಿಗಳಲ್ಲಿ ಇಂಥ ಹುಡುಗರು ಚುರುಕಾಗಿ ದುಡಿದಿದ್ದರು. ಆದರೆ ಅಲ್ಲಿ ಗ್ರಾಹಕರೊಂದಿಗೆ ಮಾತನಾಡುವ ಪ್ರಸಂಗ ಕಡಿಮೆ, ಇಲ್ಲಿ ಮಾತೇ ಕೆಲಸ. ಹುಡುಗರು ಕರೆ ಮಾಡಿದವರಿಗೆ ಎದುರುತ್ತರ ಕೊಟ್ಟರು, ಚೇಷ್ಟೆ ಮಾಡಿದರು, ಕೆಲವೊಮ್ಮೆ ಬೈದೂ ಬಿಟ್ಟರು. ಆ ವರ್ಷದ ಸೆಪ್ಟೆಂಬರ್ 1ರಂದು ಎಮ್ಮಾ ನಟ್ ಎಂಬ ಮಹಿಳೆ ಅದೇ ಕುರ್ಚಿಗೆ ಬಂದು ಕುಳಿತರು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಎಂದು ಅವರ ಹೆಸರು ಇತಿಹಾಸದಲ್ಲಿ ಉಳಿದಿದೆ. ಅವರ ಶಾಂತವಾದ ದನಿ ಗ್ರಾಹಕರಿಗೆ ಹಿಡಿಸಿತು.

ಈ ಘಟನೆಯಿಂದ ಕಂಪನಿಗಳು ಮೊದಲು ಕಲಿತ ಪಾಠ ಅರ್ಧ ಮಾತ್ರ ಸರಿಯಾಗಿತ್ತು: ತಾಳ್ಮೆಯ ಸ್ವಭಾವದವರನ್ನು ಹುಡುಕಿ ಕೂರಿಸಿದರೆ ಸಾಕು ಎಂದುಕೊಂಡರು. ಉಳಿದರ್ಧ ತಿಳಿಯಲು ಇನ್ನೂ ಹಲವು ವರ್ಷ ಹಿಡಿಯಿತು. ಕರೆಗಳು ಹೆಚ್ಚಿದಂತೆ ಆಪರೇಟರುಗಳಿಗೆಂದೇ ತರಬೇತಿ ಶಾಲೆಗಳು ಬಂದವು. ಮಾತನ್ನು ಯಾವ ಪದದಿಂದ ಆರಂಭಿಸಬೇಕು, ದನಿ ಎಷ್ಟು ಎತ್ತರದಲ್ಲಿರಬೇಕು, ಸಂಪರ್ಕ ಸಿಗದಿದ್ದಾಗ ಏನು ಹೇಳಬೇಕು ಎಂಬುದನ್ನೆಲ್ಲ ಅಲ್ಲಿ ಬಿಡಿಬಿಡಿಯಾಗಿ ಕಲಿಸಿ, ಬಾಯಿಪಾಠವಾಗುವವರೆಗೆ ಅಭ್ಯಾಸ ಮಾಡಿಸುತ್ತಿದ್ದರು. ಸ್ವಭಾವ ಎಂದುಕೊಂಡಿದ್ದರಲ್ಲಿ ಬಹುಪಾಲು ಕಲಿಸಿಕೊಡಬಹುದಾದ ಕೌಶಲ ಎಂಬುದು ಗೊತ್ತಾಯಿತು.

ಈಗ ಈ ಮಾತು ಮತ್ತೆ ಮುಖ್ಯವಾಗಿದೆ. ಖಾತೆಯಲ್ಲಿ ಎಷ್ಟು ಹಣವಿದೆ, ಪಾರ್ಸೆಲ್ ಎಲ್ಲಿಗೆ ಬಂತು ಎಂಬಂಥ ಸುಲಭ ಪ್ರಶ್ನೆಗಳಿಗೆ ಯಂತ್ರಗಳೇ ಉತ್ತರಿಸುತ್ತಿವೆ. ಯಂತ್ರದ ಕೈಯಲ್ಲಿ ಬಗೆಹರಿಯದೆ ಸಿಕ್ಕುಸಿಕ್ಕಾದ, ಅಷ್ಟರಲ್ಲಿ ಗ್ರಾಹಕರ ತಾಳ್ಮೆಯನ್ನೂ ತಿಂದು ಮುಗಿಸಿದ ಸಮಸ್ಯೆಗಳು ಮನುಷ್ಯರ ಮುಂದೆ ಬರುತ್ತಿವೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಕಠಿಣ ಕರೆ ಎದುರಾಗುತ್ತದೆ. ಇನ್ನೊಂದೆಡೆ ಚೆನ್ನಾಗಿ ಕೆಲಸ ಮಾಡುತ್ತಿದ್ದವರನ್ನು ಕರೆದು, 'ಸೋಮವಾರದಿಂದ ತಂಡವನ್ನು ನೀವೇ ನೋಡಿಕೊಳ್ಳಿ' ಎನ್ನುತ್ತಾರೆ. ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡುವವರು ಮಾತ್ರ ವಿರಳ.

ಮೊದಲು ಪದಗಳ ಅರ್ಥ

ವಸ್ತುವನ್ನೋ ಸೌಲಭ್ಯವನ್ನೋ ಪಡೆಯುವವರಿಗೆ ಅದಕ್ಕೆ ಮೊದಲು, ಆ ಹೊತ್ತಿನಲ್ಲಿ ಮತ್ತು ಆಮೇಲೆ ಒದಗುವ ಎಲ್ಲ ನೆರವೂ ಗ್ರಾಹಕ ಸೇವೆಯೇ. ಕೌಂಟರಿನ ಹಿಂದೆ ನಿಂತವರು, ಕರೆ ಸ್ವೀಕರಿಸುವವರು, ಮಿಂಚಂಚೆಗೆ ಮತ್ತು ಚಾಟ್‌ಗೆ ಉತ್ತರಿಸುವವರು, ಆಸ್ಪತ್ರೆಯ ಸ್ವಾಗತ ಮೇಜಿನಲ್ಲಿ ಕುಳಿತವರು, ದುರಸ್ತಿಗೆಂದು ಮನೆಗೆ ಬರುವವರು ಎಲ್ಲರೂ ಇದೇ ಕೆಲಸದವರು. ಇದು ಮಾರಾಟಕ್ಕಿಂತ ಬೇರೆ. ಮಾರುವವರು ಗ್ರಾಹಕರನ್ನು ಕರೆತರುತ್ತಾರೆ, ಸೇವೆ ಕೊಡುವವರು ಕೊಟ್ಟ ಮಾತನ್ನು ಉಳಿಸುತ್ತಾರೆ.

ಮೇಲ್ವಿಚಾರಕರು ಎಂದರೆ ಕೆಲಸವನ್ನು ಕೈಯಾರೆ ಮಾಡುವವರಿಗೆ ನೇರವಾಗಿ ಹೊಣೆಯಾಗಿರುವವರು. ಟೀಮ್ ಲೀಡರ್, ಶಿಫ್ಟ್ ಇನ್‌ಚಾರ್ಜ್ ಎಂದು ಹೆಸರು ಬದಲಾಗಬಹುದು, ಕೆಲಸ ಒಂದೇ: ಇಂದಿನ ಪಾಳಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು, ತಂಡದವರಿಗೆ ಕಲಿಸುವುದು, ಅವರ ಕೈಯಲ್ಲಿ ಬಗೆಹರಿಯದ್ದನ್ನು ಕೈಗೆತ್ತಿಕೊಳ್ಳುವುದು, ಮೇಲಿನವರ ನಿರ್ಧಾರವನ್ನು ಕೆಳಗೆ ಮತ್ತು ಕೆಳಗಿನ ಕಷ್ಟವನ್ನು ಮೇಲಕ್ಕೆ ಮುಟ್ಟಿಸುವುದು. ವ್ಯವಸ್ಥಾಪಕರು ಮುಂದಿನ ವರ್ಷದ ಬಜೆಟ್ ಬಗ್ಗೆ ಚಿಂತಿಸುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ರಜೆ ಹಾಕಿದರೆ ಹನ್ನೊಂದು ಗಂಟೆಯ ಕೆಲಸ ನಡೆಯುವುದು ಹೇಗೆ ಎಂಬುದು ಮೇಲ್ವಿಚಾರಕರ ಚಿಂತೆ.

ಇವೆರಡನ್ನೂ ಒಂದೇ ಲೇಖನದಲ್ಲಿ ನೋಡುವುದಕ್ಕೆ ಕಾರಣವಿದೆ. ತಂಡದೊಳಗೆ ಯಾರಿಗೂ ಗೌರವ ಸಿಗದಿದ್ದರೆ ಅದು ಕೌಂಟರಿನಾಚೆ ದಾಟಿ ಗ್ರಾಹಕರಿಗೆ ತಲುಪುವುದು ಕಷ್ಟ.

ಸೇವೆಯನ್ನು ದಾಸ್ತಾನು ಮಾಡಲಾಗದು

ಕಾರ್ಖಾನೆಯಲ್ಲಿ ತಯಾರಾದ ವಸ್ತುವಿನಲ್ಲಿ ದೋಷವಿದ್ದರೆ ಅದು ಗೇಟು ದಾಟುವ ಮೊದಲೇ ಪರೀಕ್ಷಕರು ಹಿಡಿದು ಬದಿಗಿಡಬಹುದು. ಸೇವೆ ಹಾಗಲ್ಲ. ಅದು ತಯಾರಾಗುವುದೂ ಬಳಕೆಯಾಗುವುದೂ ಒಂದೇ ಕ್ಷಣದಲ್ಲಿ. 'ಅದು ನನಗೆ ಗೊತ್ತಿಲ್ಲ, ಬೇರೆ ಕಡೆ ಕೇಳಿ' ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ವಾಪಸ್ ತೆಗೆದುಕೊಂಡು ತಿದ್ದಿ ಕೊಡಲಾಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಈ ವೃತ್ತಿಗೆ ಅಕ್ಷರಶಃ ಒಪ್ಪುತ್ತದೆ. ಗುಣಮಟ್ಟದ ತಪಾಸಣೆ ಕೊನೆಯಲ್ಲಿ ನಡೆಯುವಂತಿಲ್ಲವಾದ್ದರಿಂದ ಅದು ಮೊದಲೇ, ಅಂದರೆ ತರಬೇತಿಯಲ್ಲೇ, ನಡೆಯಬೇಕು.

ಹಾಗಾದರೆ ಒಳ್ಳೆಯ ಸೇವೆ ಎಂದರೇನು? 1980ರ ದಶಕದಲ್ಲಿ ಪರಶುರಾಮನ್, ಝೈಥಮ್ಲ್ ಮತ್ತು ಬೆರಿ ಎಂಬ ಮೂವರು ಸಂಶೋಧಕರು ಗ್ರಾಹಕರನ್ನೇ ಕೇಳಿ ಇದಕ್ಕೆ ಉತ್ತರ ಹುಡುಕಿದರು. ಜನ ಸೇವೆಯನ್ನು ಐದು ಅಳತೆಗಳಲ್ಲಿ ತೂಗುತ್ತಾರೆ ಎಂದು ಅವರು ಕಂಡುಕೊಂಡರು. ಹೇಳಿದ್ದನ್ನು ಹೇಳಿದಂತೆ ಮಾಡುವ ನಂಬಿಕಸ್ಥತನ, ತಡಮಾಡದೆ ಸ್ಪಂದಿಸುವುದು, ಎದುರಿನವರಿಗೆ ಕೆಲಸ ಗೊತ್ತಿದೆ ಎಂಬ ಭರವಸೆ, ತನ್ನ ಕಷ್ಟ ಅರ್ಥವಾಗಿದೆ ಎಂಬ ಭಾವನೆ, ಕಣ್ಣಿಗೆ ಕಾಣುವ ಅಚ್ಚುಕಟ್ಟು. ಈ ಐದರಲ್ಲಿ ನಂಬಿಕಸ್ಥತನಕ್ಕೇ ಮೊದಲ ಸ್ಥಾನ ಸಿಕ್ಕಿತು. ಇದು ಬಹಳ ಜನ ಮರೆಯುವ ಸಂಗತಿ. ಸೌಜನ್ಯದ ಮಾತು, ನಗುಮುಖ, ಶುಭ್ರ ಉಡುಪು ಎಲ್ಲವೂ ಬೇಕು, ಆದರೆ ಗುರುವಾರ ಬರುತ್ತೇವೆಂದವರು ಗುರುವಾರ ಬರದಿದ್ದರೆ ಅವು ಯಾವುವೂ ಗ್ರಾಹಕರನ್ನು ಉಳಿಸಿಕೊಡುವುದಿಲ್ಲ. ಆದ್ದರಿಂದ ಒಳ್ಳೆಯ ತರಬೇತಿಯ ಮೊದಲ ದಿನಗಳು ನಗುವುದನ್ನು ಕಲಿಸುವುದರಲ್ಲಿ ಕಳೆಯುವುದಿಲ್ಲ. ವಸ್ತುವಿನ ಬಗ್ಗೆ, ನಿಯಮಗಳ ಬಗ್ಗೆ, ಯಾವ ಮಾತನ್ನು ಕೊಡಬಹುದು ಮತ್ತು ಯಾವುದನ್ನು ಕೊಡಬಾರದು ಎಂಬುದರ ಬಗ್ಗೆ ಖಚಿತವಾದ ತಿಳಿವಳಿಕೆ ಕೊಡುವುದರಲ್ಲಿ ಕಳೆಯುತ್ತವೆ.

ಸಿಟ್ಟಿನ ಕರೆಯನ್ನು ಬಿಚ್ಚಿ ನೋಡಿದರೆ

ಈ ವೃತ್ತಿಯ ಬಗ್ಗೆ ಎಲ್ಲರಿಗೂ ಇರುವ ಭಯ ಒಂದೇ: ಸಿಟ್ಟಾದ ಗ್ರಾಹಕರು. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಟ್ಟೆ ಒಗೆಯುವ ಯಂತ್ರ ಕೆಟ್ಟಿದೆ. ದುರಸ್ತಿಯವರು ಬರುತ್ತಾರೆಂದು ಗ್ರಾಹಕರು ಎರಡು ದಿನ ರಜೆ ಹಾಕಿ ಕಾದಿದ್ದಾರೆ, ಎರಡು ಸಲವೂ ಯಾರೂ ಬಂದಿಲ್ಲ. ಮೂರನೆಯ ದಿನ ಕರೆ ಮಾಡಿ, 'ನಿಮಗೆ ಜನರ ಸಮಯಕ್ಕೆ ಬೆಲೆಯೇ ಇಲ್ಲವೇ?' ಎನ್ನುತ್ತಾರೆ.

ತರಬೇತಿ ಇಲ್ಲದವರ ಬಾಯಿಗೆ ತಾನಾಗಿ ಬರುವ ಉತ್ತರಗಳು ಮೂರು. 'ಕಂಪ್ಯೂಟರಿನಲ್ಲಿ ಕೆಲಸ ಮುಗಿದಿದೆ ಎಂದು ತೋರಿಸುತ್ತಿದೆ.' 'ದಯವಿಟ್ಟು ಸಮಾಧಾನ ಮಾಡಿಕೊಳ್ಳಿ.' 'ಅದು ನಮ್ಮ ವಿಭಾಗವಲ್ಲ.' ಮೊದಲನೆಯದು ಗ್ರಾಹಕರನ್ನು ಸುಳ್ಳುಗಾರರನ್ನಾಗಿ ಮಾಡುತ್ತದೆ. ಎರಡನೆಯದು ಅವರ ಸಿಟ್ಟೇ ತಪ್ಪು ಎನ್ನುತ್ತದೆ. ಮೂರನೆಯದು ಕೈತೊಳೆದುಕೊಳ್ಳುತ್ತದೆ. ಮೂರೂ ಬೆಂಕಿಗೆ ತುಪ್ಪ ಸುರಿಯುವ ಮಾತುಗಳೇ, ಆಡಿದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇಲ್ಲದಿದ್ದರೂ.

ತರಬೇತಿ ಪಡೆದವರು ಹೀಗೆ ಹೇಳಬಹುದು: 'ಎರಡು ದಿನ ರಜೆ ಹಾಕಿ ಕಾದಿದ್ದೀರಿ, ಎರಡು ಸಲವೂ ಯಾರೂ ಬಂದಿಲ್ಲ. ಇದು ನಮ್ಮ ಕಡೆಯ ತಪ್ಪು, ಕ್ಷಮಿಸಿ. ದುರಸ್ತಿಯವರ ವೇಳಾಪಟ್ಟಿಯನ್ನು ಈಗಲೇ ನೋಡುತ್ತಿದ್ದೇನೆ, ಎರಡು ನಿಮಿಷ ಬೇಕಾಗುತ್ತದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಥವಾ ಸಂಜೆ ಐದಕ್ಕೆ ಅವಕಾಶವಿದೆ, ನಿಮಗೆ ಯಾವುದು ಅನುಕೂಲ? ಅವರು ಹೊರಟ ಕೂಡಲೇ ನಾನೇ ನಿಮಗೆ ಕರೆ ಮಾಡಿ ತಿಳಿಸುತ್ತೇನೆ.'

ಈ ಉತ್ತರದ ಪ್ರತಿ ವಾಕ್ಯಕ್ಕೂ ಒಂದೊಂದು ಕೆಲಸವಿದೆ. ಸಿಟ್ಟಾದವರು ಎರಡು ಗಂಟುಗಳನ್ನು ಹೊತ್ತು ಬಂದಿರುತ್ತಾರೆ. ಒಂದು ಕೆಟ್ಟ ಯಂತ್ರದ್ದು, ಇನ್ನೊಂದು ತನ್ನನ್ನು ಕಡೆಗಣಿಸಿದರು ಎಂಬ ನೋವಿನದು. ಎರಡನೆಯ ಗಂಟು ಬಿಚ್ಚುವವರೆಗೆ ಮೊದಲನೆಯದರ ಬಗ್ಗೆ ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ. ಅದಕ್ಕಾಗಿಯೇ ಮೊದಲ ವಾಕ್ಯ ಅವರ ಮಾತನ್ನೇ ಮರಳಿ ಹೇಳುತ್ತದೆ: ನಾನು ಕೇಳಿಸಿಕೊಂಡೆ ಎಂಬುದಕ್ಕೆ ಅದು ಸಾಕ್ಷಿ. ಎರಡನೆಯದು ಹೊಣೆ ಹೊರುತ್ತದೆ, ನೆಪ ಹೇಳುವುದಿಲ್ಲ. ಮುಂದಿನದು ಎಷ್ಟು ಹೊತ್ತು ಕಾಯಬೇಕೆಂದು ಹೇಳುತ್ತದೆ. ಆಮೇಲಿನ ಪ್ರಶ್ನೆ ಆಯ್ಕೆಯನ್ನು ಗ್ರಾಹಕರ ಕೈಗೆ ಕೊಡುತ್ತದೆ, ಎರಡು ಸಲ ತಮ್ಮ ಕೈಮೀರಿ ಹೋದ ವಿಷಯ ಈಗ ಅವರ ಹಿಡಿತಕ್ಕೆ ಬರುತ್ತದೆ. ಕೊನೆಯ ವಾಕ್ಯ ಮುರಿದ ನಂಬಿಕೆಗೆ ಸಣ್ಣದೊಂದು ಹೊಲಿಗೆ ಹಾಕುತ್ತದೆ. ಆ ಕರೆಯನ್ನು ಮಾಡದಿದ್ದರೆ ಮಾತ್ರ ಇಡೀ ಉತ್ತರವೇ ವ್ಯರ್ಥ.

ಕಾಯುವ ಸಮಯವನ್ನು ಮೊದಲೇ ಹೇಳುವುದಕ್ಕೂ ಕಾರಣವಿದೆ. ಸಾಲಿನಲ್ಲಿ ನಿಂತವರ ಮನಸ್ಸನ್ನು ಕುರಿತು 1985ರಲ್ಲಿ ಡೇವಿಡ್ ಮೈಸ್ಟರ್ ಬರೆದ ಪ್ರಬಂಧವನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಎಷ್ಟು ಹೊತ್ತು ಎಂದು ತಿಳಿಯದೆ ಕಾಯುವುದು, ಏಕೆಂದು ತಿಳಿಯದೆ ಕಾಯುವುದು, ಸುಮ್ಮನೆ ಕುಳಿತು ಕಾಯುವುದು ಇವೆಲ್ಲ ಇರುವುದಕ್ಕಿಂತ ಉದ್ದವಾಗಿ ತೋರುತ್ತವೆ ಎಂದು ಅವರು ವಿವರಿಸಿದರು. ಗಡಿಯಾರದಲ್ಲಿ ಎರಡೇ ನಿಮಿಷ, ಆದರೆ ಹೇಳಿ ಕಾಯಿಸಿದ ಎರಡು ನಿಮಿಷಕ್ಕೂ ಹೇಳದೆ ಕಾಯಿಸಿದ ಎರಡು ನಿಮಿಷಕ್ಕೂ ಅಜಗಜಾಂತರ.

ಇದನ್ನೆಲ್ಲ ಓದಿ ತಿಳಿಯುವುದು ಸುಲಭ, ಎದುರಿನವರು ಕೂಗಾಡುತ್ತಿರುವಾಗ ನೆನಪಿಗೆ ತಂದುಕೊಳ್ಳುವುದು ಕಷ್ಟ. ದಡದಲ್ಲಿ ಕುಳಿತು ಕೇಳಿದವರಿಗೆ ಈಜು ಬರುವುದಿಲ್ಲ. ಆದ್ದರಿಂದ ತರಬೇತಿಯ ಹೃದಯಭಾಗ ಪಾತ್ರಾಭಿನಯ. ಒಬ್ಬರು ಗ್ರಾಹಕರಾಗಿ, ಒಬ್ಬರು ಸಿಬ್ಬಂದಿಯಾಗಿ ಮಾತನಾಡುತ್ತಾರೆ, ಮೂರನೆಯವರು ನೋಡಿ ತಿದ್ದುತ್ತಾರೆ, ಅದೇ ಸನ್ನಿವೇಶವನ್ನು ಮತ್ತೆ ಆಡುತ್ತಾರೆ. ಮೊದಲ ಸಲ ಎಲ್ಲರಿಗೂ ಮುಜುಗರ. ನಾಲ್ಕನೆಯ ಸಲಕ್ಕೆ ನಾಲಿಗೆ ತಿರುಗುತ್ತದೆ. ಹಾಡುತ್ತಾ ಹಾಡುತ್ತಾ ರಾಗ ಎಂದು ಹಿರಿಯರು ಹೇಳಿದ್ದು ಇದನ್ನೇ.

ಮನಸ್ಸಿಗೂ ದಣಿವಿದೆ

ಸಿಮೆಂಟ್ ಮೂಟೆ ಹೊತ್ತವರು ದಣಿಯುತ್ತಾರೆಂದು ಎಲ್ಲರಿಗೂ ಗೊತ್ತು. ಎಂಟು ಗಂಟೆ ಪರರ ಸಿಟ್ಟನ್ನು ನಗುಮುಖದಿಂದ ಹೊತ್ತವರ ದಣಿವು ಕಣ್ಣಿಗೆ ಕಾಣುವುದಿಲ್ಲ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನ ಪರಿಚಾರಕಿಯರನ್ನು ಮತ್ತು ಸಾಲ ವಸೂಲಿ ಮಾಡುವವರನ್ನು ಅಧ್ಯಯನ ಮಾಡಿ 1983ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು: ಭಾವನಾತ್ಮಕ ದುಡಿಮೆ. ಸಂಬಳಕ್ಕಾಗಿ ತನ್ನ ಭಾವನೆಗಳನ್ನು ನಿಭಾಯಿಸುವುದೂ ಶ್ರಮವೇ ಎಂಬುದು ಅವರ ಮಾತಿನ ತಿರುಳು. ಅದರಲ್ಲಿ ಎರಡು ಬಗೆಯನ್ನು ಅವರು ಗುರುತಿಸಿದರು. ಒಳಗೆ ಕುದಿಯುತ್ತಾ ಮುಖದಲ್ಲಿ ಮಾತ್ರ ನಗುವುದು ಒಂದು. ಎದುರಿನವರ ಪರಿಸ್ಥಿತಿಯನ್ನು ಊಹಿಸಿಕೊಂಡು ತನ್ನೊಳಗಿನ ಭಾವನೆಯನ್ನೇ ಬದಲಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಜನರನ್ನು ಬೇಗ ಬಸವಳಿಸುತ್ತದೆ ಎಂದು ಆಮೇಲೆ ನಡೆದ ಅನೇಕ ಅಧ್ಯಯನಗಳು ತೋರಿಸಿವೆ.

ತರಬೇತಿಯಲ್ಲಿ ಇದಕ್ಕೊಂದು ಜಾಗ ಇರಲೇಬೇಕು. ಕಠಿಣ ಕರೆಯ ನಂತರ ಎರಡು ನಿಮಿಷ ಎದ್ದು ಹೋಗಬಹುದೇ? ಗ್ರಾಹಕರು ಅವಾಚ್ಯವಾಗಿ ಬೈದರೆ ಎಷ್ಟು ಸಲ ಎಚ್ಚರಿಸಿ, ಯಾವ ಮಾತು ಹೇಳಿ ಕರೆ ಮುಗಿಸಬಹುದು? ಸಿಟ್ಟನ್ನು ಕೇಳಿಸಿಕೊಳ್ಳುವುದು ಕೆಲಸದ ಭಾಗ, ನಿಂದನೆ ಸಹಿಸುವುದು ಕೆಲಸದ ಭಾಗವಲ್ಲ. ಈ ಗೆರೆ ಎಲ್ಲಿದೆಯೆಂದು ಮೊದಲ ವಾರದಲ್ಲೇ ಹೇಳಿಕೊಡದ ಸಂಸ್ಥೆ ತನ್ನ ಜನರನ್ನು ಬರಿಗೈಯಲ್ಲಿ ಮಳೆಗೆ ನಿಲ್ಲಿಸಿದಂತೆ.

ಒಬ್ಬರು ಕಡಿಮೆಯಾದರೆ ಏನಾಗುತ್ತದೆ?

ಈಗ ಮೇಲ್ವಿಚಾರಕರ ಕುರ್ಚಿಗೆ ಬರೋಣ. ಅಲ್ಲಿ ಮೊದಲು ಎದುರಾಗುವುದು ಲೆಕ್ಕ. ಒಂದು ಕರೆಗೆ ಸರಾಸರಿ ಎಷ್ಟು ಸಮಯ, ಮೊದಲ ಕರೆಯಲ್ಲೇ ಎಷ್ಟು ಸಮಸ್ಯೆಗಳು ಬಗೆಹರಿದವು, ಗ್ರಾಹಕರು ಎಷ್ಟು ತೃಪ್ತರಾದರು ಎಂಬ ಅಂಕಿಗಳು ಪರದೆಯ ಮೇಲೆ ಓಡುತ್ತಿರುತ್ತವೆ.

ಒಂದು ಸರಳ ಪ್ರಶ್ನೆ. ಗಂಟೆಗೆ 100 ಕರೆ ಬರುತ್ತವೆ, ಒಂದೊಂದಕ್ಕೆ 6 ನಿಮಿಷ ಹಿಡಿಯುತ್ತದೆ. ಒಟ್ಟು 600 ನಿಮಿಷಗಳ ಕೆಲಸ, ಅಂದರೆ ಸರಿಯಾಗಿ 10 ಜನರ ಒಂದು ಗಂಟೆ. ಹಾಗಾದರೆ 10 ಜನ ಸಾಕೇ? ಸಾಲದು. ಕರೆಗಳು ಮೆಟ್ಟಿಲಿನಂತೆ ಸಮನಾದ ಅಂತರದಲ್ಲಿ ಬರುವುದಿಲ್ಲ, ಮಳೆಯ ಹನಿಯಂತೆ ಒಮ್ಮೆ ದಟ್ಟವಾಗಿ ಒಮ್ಮೆ ವಿರಳವಾಗಿ ಬರುತ್ತವೆ. ವಿರಳವಾದಾಗ ಖಾಲಿ ಕುಳಿತ ನಿಮಿಷಗಳನ್ನು ದಟ್ಟವಾದಾಗ ಬಳಸಲು ಕೂಡಿಡಲಾಗುವುದಿಲ್ಲ.

ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ಈ ಸಮಸ್ಯೆಯನ್ನು ಬಿಡಿಸಲು ಕುಳಿತು 1909ರಲ್ಲಿ ಮೊದಲ ಪ್ರಬಂಧವನ್ನೂ 1917ರಲ್ಲಿ ಪ್ರಸಿದ್ಧ ಸೂತ್ರಗಳನ್ನೂ ಪ್ರಕಟಿಸಿದರು. ಕಾಲ್ ಸೆಂಟರುಗಳಲ್ಲಿ ಇಂದಿಗೂ ಜನಬಲದ ಲೆಕ್ಕಕ್ಕೆ ಅವರ ಸೂತ್ರವೇ ಆಧಾರ. ಮೇಲಿನ ಉದಾಹರಣೆಗೆ ಅದನ್ನು ಹಾಕಿದರೆ ಬರುವ ಉತ್ತರ ಹೀಗಿದೆ: 10 ಜನರಿದ್ದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. 11 ಜನರಿದ್ದರೆ ಗ್ರಾಹಕರು ಸರಾಸರಿ 4 ನಿಮಿಷ ಕಾಯುತ್ತಾರೆ. 12 ಜನರಿದ್ದರೆ ಸುಮಾರು 80 ಸೆಕೆಂಡು. 13 ಜನರಿದ್ದರೆ ಅರ್ಧ ನಿಮಿಷದ ಆಸುಪಾಸು.

ಒಬ್ಬೊಬ್ಬರು ಸೇರಿದಂತೆಲ್ಲ ಕಾಯುವ ಸಮಯ ಎಷ್ಟು ಕಡಿದಾಗಿ ಇಳಿಯುತ್ತದೆ ನೋಡಿ. ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ, 12 ಜನರ ಪಾಳಿಯಲ್ಲಿ ಒಬ್ಬರು ಗೈರಾದರೆ ಕಾಯುವಿಕೆ ಮೂರು ಪಟ್ಟಾಗುತ್ತದೆ. ಇದು ಗೊತ್ತಿಲ್ಲದ ಮೇಲ್ವಿಚಾರಕರು ಸಾಲು ಉದ್ದವಾದಾಗ 'ಬೇಗ ಬೇಗ ಮಾತು ಮುಗಿಸಿ' ಎಂದು ಉಳಿದವರ ಮೇಲೆ ಒತ್ತಡ ಹಾಕುತ್ತಾರೆ. ಅವಸರದಲ್ಲಿ ಮುಗಿಸಿದ ಕರೆಯಲ್ಲಿ ಸಮಸ್ಯೆ ಬಗೆಹರಿದಿರುವುದಿಲ್ಲ, ಅದೇ ಗ್ರಾಹಕರು ಮತ್ತೆ ಕರೆ ಮಾಡುತ್ತಾರೆ, ಸಾಲು ಇನ್ನೂ ಉದ್ದವಾಗುತ್ತದೆ. ಸರಾಸರಿ ಸಮಯದ ಅಂಕಿ ಚೆನ್ನಾಗಿ ಕಾಣುತ್ತದೆ, ಸೇವೆ ಹಾಳಾಗುತ್ತದೆ. ಯಾವ ಅಂಕಿಯನ್ನೂ ಒಂಟಿಯಾಗಿ ಓದಬಾರದು ಎಂಬುದನ್ನು ಮೇಲ್ವಿಚಾರಣೆಯ ತರಬೇತಿ ಕಲಿಸಬೇಕು.

ಒಳ್ಳೆಯ ಆಟಗಾರರು ಒಳ್ಳೆಯ ತರಬೇತುದಾರರೇ?

ಸಾಮಾನ್ಯವಾಗಿ ಬಡ್ತಿ ಸಿಗುವುದು ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವರಿಗೆ. ಮೇಲ್ನೋಟಕ್ಕೆ ಇದು ನ್ಯಾಯವೇ. ಆದರೆ ಬೆನ್ಸನ್, ಲಿ ಮತ್ತು ಶೂ ಎಂಬ ಸಂಶೋಧಕರು ಅನೇಕ ಸಂಸ್ಥೆಗಳ ಮಾರಾಟ ವಿಭಾಗಗಳ ಮಾಹಿತಿಯನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಹೆಚ್ಚು ಮಾರಿದವರಿಗೆ ಬಡ್ತಿಯ ಅವಕಾಶ ಹೆಚ್ಚು ಸಿಕ್ಕಿತ್ತು. ಆದರೆ ಬಡ್ತಿ ಪಡೆದವರಲ್ಲಿ ಮೊದಲು ಹೆಚ್ಚು ಮಾರುತ್ತಿದ್ದವರ ಕೈಕೆಳಗೆ ತಂಡದ ಸಾಧನೆ ತಗ್ಗಿತ್ತು. ಅವರು ಅಸಮರ್ಥರೆಂದು ಇದರ ಅರ್ಥವಲ್ಲ. ಎರಡೂ ಬೇರೆ ಬೇರೆ ಕೆಲಸಗಳು, ಅಷ್ಟೆ. ಆಟಗಾರರ ಗೆಲುವು ತಮ್ಮ ಕಾಲಿನಲ್ಲಿದೆ, ತರಬೇತುದಾರರ ಗೆಲುವು ಬೇರೆಯವರ ಕಾಲಿನಲ್ಲಿದೆ.

ಹೊಸ ಮೇಲ್ವಿಚಾರಕರು ಬೀಳುವ ಮೊದಲ ಹೊಂಡ ಇಲ್ಲೇ ಇದೆ. ತಂಡದವರು ತಡವರಿಸಿದಾಗ, 'ಬಿಡಿ, ನಾನೇ ಮಾಡುತ್ತೇನೆ' ಎಂದು ಕೈಗೆತ್ತಿಕೊಳ್ಳುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ತಡವರಿಸಿದವರು ನಾಳೆಯೂ ಅಲ್ಲೇ ತಡವರಿಸುತ್ತಾರೆ.

ಹತ್ತು ಗಂಟೆಯಲ್ಲಿ ಕಲಿಸಿದ ವಿದ್ಯೆ

ಕಲಿಸುವುದನ್ನು ಕಲಿಯುವುದು ಹೇಗೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆದಿದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನುರಿತ ಕೆಲಸಗಾರರು ಸೇನೆಗೆ ಹೋದರು. ಕಾರ್ಖಾನೆಗಳಿಗೆ ಹಿಂದೆಂದೂ ಯಂತ್ರ ಮುಟ್ಟದವರು ಬಂದರು. ಅವರಿಗೆಲ್ಲ ಕಲಿಸುವಷ್ಟು ಶಿಕ್ಷಕರು ಇರಲಿಲ್ಲ. ಆಗ 1940ರಲ್ಲಿ ಶುರುವಾದ ಸರ್ಕಾರಿ ಯೋಜನೆಯೊಂದು ಮೇಲ್ವಿಚಾರಕರನ್ನೇ ಶಿಕ್ಷಕರನ್ನಾಗಿ ಮಾಡಿತು. ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಅಂದರೆ ಉದ್ಯಮದೊಳಗಿನ ತರಬೇತಿ) ಎಂದು ಹೆಸರಾದ ಆ ಯೋಜನೆಯ ಒಂದೊಂದು ಪಾಠವೂ ಎರಡೆರಡು ಗಂಟೆಯ ಐದು ತರಗತಿ, ಒಟ್ಟು 10 ಗಂಟೆ. 1945ರಲ್ಲಿ ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮೇಲ್ವಿಚಾರಕರು ಅದರಲ್ಲಿ ಕಲಿತಿದ್ದರು. ಯುದ್ಧದ ನಂತರ ಅದು ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಬೇರೂರಿತು.

ಅದರ ಕಲಿಸುವ ಕ್ರಮ ನಾಲ್ಕೇ ಹೆಜ್ಜೆಯದು. ಮೊದಲು ಕಲಿಯುವವರನ್ನು ಸಿದ್ಧಗೊಳಿಸುವುದು, ಅಂದರೆ ಭಯ ಬಿಡಿಸಿ, ಈಗಾಗಲೇ ಏನು ಗೊತ್ತಿದೆಯೆಂದು ಕೇಳುವುದು. ಆಮೇಲೆ ಕೆಲಸವನ್ನು ಒಂದೊಂದೇ ಹಂತವಾಗಿ ಮಾಡಿ ತೋರಿಸುತ್ತಾ ಮುಖ್ಯಾಂಶಗಳನ್ನು ಹೇಳುವುದು. ಮೂರನೆಯದಾಗಿ ಅವರಿಂದಲೇ ಮಾಡಿಸಿ, ಏಕೆ ಹಾಗೆ ಮಾಡಿದಿರಿ ಎಂದು ಅವರ ಬಾಯಲ್ಲೇ ಹೇಳಿಸುವುದು. ಕೊನೆಗೆ ಸ್ವತಂತ್ರವಾಗಿ ಬಿಟ್ಟು, ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಬಂದು ನೋಡುವುದು. ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವರು ಕಲಿಸಿಲ್ಲ ಎಂಬುದು ಆ ಯೋಜನೆಯ ಘೋಷವಾಕ್ಯವಾಗಿತ್ತು. ಹೊಣೆಯನ್ನು ಎಲ್ಲಿ ಇಡಬೇಕೋ ಅಲ್ಲೇ ಇಟ್ಟ ಮಾತು ಅದು.

ಇದನ್ನು ಸೇವೆಯ ಕೆಲಸಕ್ಕೆ ಅನ್ವಯಿಸಿ ನೋಡಿ. 'ಕರೆಯನ್ನು ಬೇರೆ ವಿಭಾಗಕ್ಕೆ ವರ್ಗಾಯಿಸಿ' ಎಂಬ ಒಂದು ಸಾಲಿನ ಸೂಚನೆಯೊಳಗೆ ಎಷ್ಟು ಹಂತಗಳಿವೆ! ಏಕೆ ವರ್ಗಾಯಿಸುತ್ತಿದ್ದೇವೆಂದು ಗ್ರಾಹಕರಿಗೆ ಹೇಳಬೇಕು, ಒಪ್ಪಿಗೆ ಪಡೆಯಬೇಕು, ಆ ಕಡೆಯವರಿಗೆ ಹೆಸರು ಮತ್ತು ಸಮಸ್ಯೆಯನ್ನು ತಾನೇ ವಿವರಿಸಬೇಕು, ಆಮೇಲಷ್ಟೇ ಜೋಡಿಸಬೇಕು. ಇಲ್ಲಿನ ಮುಖ್ಯಾಂಶ ಮೂರನೆಯ ಹಂತ. ಅದನ್ನು ಬಿಟ್ಟರೆ ಗ್ರಾಹಕರು ತಮ್ಮ ಕಥೆಯನ್ನು ಮೊದಲಿನಿಂದ ಮತ್ತೆ ಹೇಳಬೇಕಾಗುತ್ತದೆ. ಹಂತ, ಮುಖ್ಯಾಂಶ, ಕಾರಣ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದೆ ಕಲಿಸಲು ಹೋದರೆ, ನುರಿತವರು ತಮಗೆ ಅಭ್ಯಾಸಬಲದಿಂದ ಬರುವ ಸಂಗತಿಗಳನ್ನೇ ಹೇಳಲು ಮರೆಯುತ್ತಾರೆ.

ಜನರೊಡನೆ ವ್ಯವಹರಿಸುವುದಕ್ಕೂ ಅದೇ ಯೋಜನೆ ನಾಲ್ಕು ಬುನಾದಿಗಳನ್ನು ಹೇಳಿತ್ತು. ಪ್ರತಿಯೊಬ್ಬರಿಗೂ ಅವರ ಕೆಲಸ ಹೇಗಿದೆಯೆಂದು ತಿಳಿಸಿ, ಮೆಚ್ಚುಗೆ ಸಲ್ಲಬೇಕಾದಾಗ ಸಲ್ಲಿಸಿ, ಅವರನ್ನು ಬಾಧಿಸುವ ಬದಲಾವಣೆಗಳನ್ನು ಮುಂಚೆಯೇ ಹೇಳಿ, ಒಬ್ಬೊಬ್ಬರ ಸಾಮರ್ಥ್ಯವನ್ನೂ ಚೆನ್ನಾಗಿ ಬಳಸಿಕೊಳ್ಳಿ. ಎಂಟು ದಶಕ ಕಳೆದರೂ ಇದಕ್ಕೆ ಸೇರಿಸಬೇಕಾದದ್ದು ಹೆಚ್ಚೇನೂ ಇಲ್ಲ ಎಂದು ನನಗನ್ನಿಸುತ್ತದೆ.

ತಿದ್ದುವ ಮಾತು, ಮುಚ್ಚಿಡುವ ತಪ್ಪು

'ನಿಮಗೆ ಆಸಕ್ತಿಯೇ ಇಲ್ಲ' ಎಂಬ ಮಾತಿನಿಂದ ಯಾರೂ ಏನನ್ನೂ ತಿದ್ದಿಕೊಳ್ಳಲಾಗದು, ಏಕೆಂದರೆ ಅದು ವ್ಯಕ್ತಿಯ ಬಗ್ಗೆ ಕೊಟ್ಟ ತೀರ್ಪು. 'ಇಂದು ಹನ್ನೊಂದರ ಕರೆಯಲ್ಲಿ ಗ್ರಾಹಕರು ಬಿಲ್ಲಿನ ಬಗ್ಗೆ ಎರಡು ಸಲ ಕೇಳಿದರು, ಎರಡು ಸಲವೂ ಉತ್ತರ ವಿಳಾಸದ ಬಗ್ಗೆ ಹೋಯಿತು. ಆಗ ಏನಾಯಿತು?' ಎಂಬ ಮಾತಿನಲ್ಲಿ ತೀರ್ಪಿಲ್ಲ. ಯಾವಾಗ, ಏನಾಯಿತು, ಅದರ ಪರಿಣಾಮವೇನು ಎಂಬ ವಿವರವಿದೆ, ಕೊನೆಗೆ ಒಂದು ಪ್ರಶ್ನೆಯಿದೆ. ಉತ್ತರವಾಗಿ, 'ಹೊಸ ಪರದೆಯಲ್ಲಿ ಬಿಲ್ಲು ಎಲ್ಲಿದೆಯೆಂದೇ ನನಗೆ ಸಿಗಲಿಲ್ಲ' ಎಂಬ ಮಾತು ಬರಬಹುದು. ಆಗ ತಿದ್ದಬೇಕಾದದ್ದು ಮನುಷ್ಯರನ್ನಲ್ಲ, ಪರದೆಯನ್ನು.

ತಪ್ಪುಗಳನ್ನು ಕುರಿತು ಇನ್ನೊಂದು ಸಂಗತಿ ಇದೆ, ಅದು ಮೊದಲ ಓದಿಗೆ ತಲೆಕೆಳಗಾಗಿ ಕಾಣುತ್ತದೆ. ಹಾರ್ವರ್ಡಿನ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಹೊಂದಿಕೊಂಡು ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳಲ್ಲಿ ತಪ್ಪನ್ನು ಧೈರ್ಯವಾಗಿ ಹೇಳಿಕೊಳ್ಳುವ ವಾತಾವರಣವಿತ್ತು, ಉಳಿದ ಕಡೆ ಜನ ಮುಚ್ಚಿಡುತ್ತಿದ್ದರು ಎಂಬುದು ಅವರು ಕಂಡುಕೊಂಡ ವಿವರಣೆ. 1999ರಲ್ಲಿ ಪ್ರಕಟವಾದ ಅವರ ಪ್ರಬಂಧದ ನಂತರ ಈ ವಾತಾವರಣಕ್ಕೆ ಮಾನಸಿಕ ಸುರಕ್ಷತೆ ಎಂಬ ಹೆಸರು ವ್ಯಾಪಕವಾಗಿ ಬಳಕೆಗೆ ಬಂತು. ಆದ್ದರಿಂದ 'ನನ್ನ ತಂಡದಲ್ಲಿ ದೂರುಗಳೇ ಇಲ್ಲ' ಎನ್ನುವ ಮೇಲ್ವಿಚಾರಕರು ಸಂತೋಷಪಡುವ ಮೊದಲು, ದೂರು ತನ್ನವರೆಗೆ ಬರುವ ದಾರಿ ತೆರೆದಿದೆಯೇ ಎಂದು ನೋಡಬೇಕು.

ಕೋರ್ಸ್ ಆಯ್ದುಕೊಳ್ಳುವಾಗ

ಪ್ರಮಾಣಪತ್ರ ಕೊಡುವ ಕೋರ್ಸುಗಳು ಎಲ್ಲೆಲ್ಲೂ ಇವೆ. ಅವುಗಳನ್ನು ತೂಗಲು 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಹೇಳಿದ ನಾಲ್ಕು ಮೆಟ್ಟಿಲುಗಳು ನೆರವಾಗುತ್ತವೆ. ಕಲಿತವರಿಗೆ ತರಬೇತಿ ಇಷ್ಟವಾಯಿತೇ? ಏನಾದರೂ ಕಲಿತರೇ? ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರೆಯೇ? ಅದರಿಂದ ಸಂಸ್ಥೆಯ ಫಲಿತಾಂಶ ಬದಲಾಯಿತೇ? ಬಹುತೇಕ ತರಬೇತಿಗಳು ಮೊದಲ ಮೆಟ್ಟಿಲಲ್ಲೇ ನಿಂತು, ಕೊನೆಯಲ್ಲಿ ಒಂದು ನಮೂನೆ ತುಂಬಿಸಿಕೊಂಡು ಕಳುಹಿಸಿಬಿಡುತ್ತವೆ.

ಮರೆವೂ ಲೆಕ್ಕಕ್ಕೆ ಬರಬೇಕು. ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಲ ಕೆಲವು ದಿನಗಳಲ್ಲೇ ಜಾರಿಹೋಗುತ್ತದೆ, ಅಂತರ ಬಿಟ್ಟು ಮರುಕಳಿಸಿದರೆ ಉಳಿಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಒಂದೇ ವಾರಾಂತ್ಯದಲ್ಲಿ ಹದಿನಾರು ಗಂಟೆ ಕೂರಿಸುವ ಕೋರ್ಸಿಗಿಂತ, ವಾರಕ್ಕೆರಡು ಗಂಟೆಯಂತೆ ಎಂಟು ವಾರ ನಡೆದು ನಡುವೆ ಅಭ್ಯಾಸಕ್ಕೆ ಬಿಡುವ ಕೋರ್ಸು ಮೇಲು. ಸೇರುವ ಮೊದಲು ಕೇಳಿ: ಪಾತ್ರಾಭಿನಯಕ್ಕೆ ಎಷ್ಟು ಗಂಟೆ ಮೀಸಲಿದೆ? ನನ್ನ ಅಭ್ಯಾಸವನ್ನು ನೋಡಿ ತಿದ್ದುವವರು ಯಾರು, ಒಂದು ತರಗತಿಯಲ್ಲಿ ಎಷ್ಟು ಜನ? ದೂರು ನಿರ್ವಹಣೆಯ ಐಎಸ್‌ಒ 10002, ಗ್ರಾಹಕ ಸಂಪರ್ಕ ಕೇಂದ್ರಗಳ ಐಎಸ್‌ಒ 18295 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಪರಿಚಯ ಪಠ್ಯದಲ್ಲಿದೆಯೇ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡುವುದು ಒಳ್ಳೆಯದು.

ಯಂತ್ರ ಪಕ್ಕದಲ್ಲಿ ಕುಳಿತರೆ

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದನ್ನೆಲ್ಲ ಕಲಿಯಬೇಕೇ ಎಂಬ ಪ್ರಶ್ನೆ ಸಹಜ. ಬ್ರಿನ್‌ಯಾಲ್ಫ್‌ಸನ್, ಲಿ ಮತ್ತು ರೇಮಂಡ್ 2023ರಲ್ಲಿ ಹೊರತಂದ ಅಧ್ಯಯನವೊಂದರಲ್ಲಿ 5,000ಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯ ಮಾಹಿತಿ ಇತ್ತು. ಅವರಲ್ಲಿ ಹಲವರಿಗೆ ಮಾತುಕತೆಯ ನಡುವೆಯೇ ಉತ್ತರ ಸೂಚಿಸುವ ಸಾಧನವನ್ನು ಕೊಡಲಾಗಿತ್ತು. ಸಾಧನ ಬಳಸಿದವರು ಗಂಟೆಗೆ ಬಗೆಹರಿಸಿದ ಸಮಸ್ಯೆಗಳು ಸರಾಸರಿ ಶೇಕಡ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಈ ಏರಿಕೆ ಶೇಕಡ 34, ನುರಿತವರಲ್ಲಿ ತೀರಾ ಅಲ್ಪ. ಸಾಧನ ಕೊಡುತ್ತಿದ್ದ ಸಲಹೆಗಳು ಹಿಂದಿನ ಮಾತುಕತೆಗಳಿಂದ, ಅದರಲ್ಲೂ ನುರಿತವರು ಮಾಡುತ್ತಿದ್ದ ರೀತಿಯಿಂದ ಕಲಿತವು. ನುರಿತವರ ಜಾಣ್ಮೆಯೇ ಯಂತ್ರದ ಮೂಲಕ ಹಾದು ಹೊಸಬರ ಕೈಗೆ ಬಂತು ಎಂದು ಇದನ್ನು ಓದಬಹುದು. ಹೀಗಾಗಿ ಸಾಧನದ ಸಲಹೆ ಎಲ್ಲಿ ತಪ್ಪಿದೆ ಎಂದು ಗುರುತಿಸುವುದೂ ಈಗ ತರಬೇತಿಯ ಪಾಠವಾಗುತ್ತಿದೆ.

ಸೋಮವಾರ ಬೆಳಿಗ್ಗೆ

ಕೋರ್ಸಿಗೆ ಸೇರಲು ಸಮಯವಿಲ್ಲದೆ, ಸೋಮವಾರದಿಂದಲೇ ತಂಡ ನೋಡಿಕೊಳ್ಳಬೇಕಾದವರು ಒಂದು ಕೆಲಸ ಮಾಡಬಹುದು. ಮೊದಲ ವಾರದಲ್ಲಿ ತಂಡದ ಪ್ರತಿಯೊಬ್ಬರ ಪಕ್ಕದಲ್ಲೂ ಅರ್ಧ ಗಂಟೆ ಕುಳಿತು, ಮಧ್ಯೆ ಬಾಯಿ ಹಾಕದೆ, ಅವರು ಗ್ರಾಹಕರೊಂದಿಗೆ ಮಾತನಾಡುವುದನ್ನು ಕೇಳಿ. ಕೊನೆಗೆ ಒಂದೇ ಪ್ರಶ್ನೆ ಕೇಳಿ: 'ಗ್ರಾಹಕರು ಪದೇ ಪದೇ ಕೇಳುವ, ಆದರೆ ನಿಮ್ಮ ಬಳಿ ಸರಿಯಾದ ಉತ್ತರವಿಲ್ಲದ ಪ್ರಶ್ನೆ ಯಾವುದು?' ಬಂದ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೂವರು ಒಂದೇ ಪ್ರಶ್ನೆಯನ್ನು ಹೇಳಿದರೆ ಅದನ್ನು ಮೇಲಕ್ಕೆ ಬರೆಯಿರಿ. ಎರಡನೆಯ ಸೋಮವಾರ ತಂಡಕ್ಕೆ ಕಲಿಸಬೇಕಾದ ಮೊದಲ ಪಾಠ ಆ ಹಾಳೆಯ ಮೊದಲ ಸಾಲಿನಲ್ಲಿರುತ್ತದೆ.